ಮೊದಲ ಸಾಲು ಯಾರದು

ಅರ್ಜಿಯಲ್ಲಿ ಒಂದು ಕಾಲಂ ಇತ್ತು: ಜಗಳ ನಡೆದ ವರ್ಷ. ಅದರ ಕೆಳಗೆ ಇನ್ನೊಂದು: ಗಾಯಗೊಂಡವರ ಸಂಖ್ಯೆ. ಹಾಡುವ ಸ್ಪರ್ಧೆಗೆ ಇಂಥ ಅರ್ಜಿಯನ್ನು ನಾನಂತೂ ಎಲ್ಲೂ ಕಂಡಿರಲಿಲ್ಲ. ಗೌರಿಬಿದನೂರಿನ ಒಂದು ಸಂಘದವರು ಏರ್ಪಡಿಸಿದ್ದ ಸೌಹಾರ್ದ ಗಾಯನ ಸ್ಪರ್ಧೆ ಅದು. ಹೊಡೆದಾಡಿಕೊಂಡ ಎರಡು ಊರಿನವರು ಒಂದೇ ತಂಡವಾಗಿ ಬರಬೇಕು, ಒಂದೊಂದು ಊರಿನಿಂದ ಐದೈದು ಜನ, ಎಲ್ಲರೂ ಸೇರಿ ಒಂದು ಹಾಡು. ಹೊಡೆದಾಡದ ಊರುಗಳಿಗೆ ಪ್ರವೇಶವಿಲ್ಲ. ಆ ಲೆಕ್ಕದಲ್ಲಿ ನಮಗೆ ಪೂರ್ತಿ ಅರ್ಹತೆ ಇತ್ತು.

ನಮ್ಮ ಜಗಳದ ಕಾರಣ ಹೇಳಿದರೆ ನೀವು ನಗುತ್ತೀರಿ. ನಗಿ, ಬೇಡ ಎನ್ನುವುದಿಲ್ಲ. ಆದರೆ ಹನ್ನೊಂದು ಜನಕ್ಕೆ ಹೊಲಿಗೆ ಬಿದ್ದದ್ದು ನಿಜ. ಚಿಂತಾಮಣಿಯ ಹತ್ತಿರ ಒಂದು ಕೆರೆ, ಆ ಕೆರೆಗೆ ಎರಡು ಊರು. ಕೋಡಿಯ ಕಡೆ ಕೋಡಿಗುಂಟೆ, ತೂಬಿನ ಕಡೆ ತೂಬುಹಳ್ಳಿ. ಪ್ರತಿ ಕಾರ್ತಿಕದಲ್ಲಿ ಏರಿಯ ಮೇಲೆ ಗಂಗಮ್ಮನ ಪೂಜೆ, ಪೂಜೆಯ ಮುಂದೆ ಎರಡೂ ಊರಿನ ಭಜನೆ. ಒಂದು ಊರಿನವರು ಸಾಲು ಎತ್ತಬೇಕು, ಇನ್ನೊಂದು ಊರಿನವರು ಓಗೊಡಬೇಕು. ಈ ವರ್ಷ ಅವರು ಎತ್ತಿದರೆ ಬರುವ ವರ್ಷ ಇವರು. ತಾತಂದಿರ ಕಾಲದಿಂದ ಹೀಗೇ ನಡೆದುಕೊಂಡು ಬಂದಿತ್ತು.

ಕೊರೋನಾ ಬಂದ ವರ್ಷ ತೂಬುಹಳ್ಳಿಯ ಸರದಿ. ಪೂಜೆಯೇ ನಡೆಯಲಿಲ್ಲ. ಮರುವರ್ಷ ತೂಬುಹಳ್ಳಿಯವರು, ನಮ್ಮ ಸರದಿ ಹಾಗೇ ಉಳಿದಿದೆ, ನಾವೇ ಎತ್ತುತ್ತೇವೆ ಎಂದರು. ಕೋಡಿಗುಂಟೆಯವರು, ವರ್ಷ ಹೋಯಿತು, ಅದರ ಜೊತೆಗೆ ಸರದಿಯೂ ಹೋಯಿತು, ಈಗ ನಮ್ಮದು ಎಂದರು. ಮೈಕಿಗೆ ಎರಡು ಕಡೆಯಿಂದಲೂ ಕೈ ಬಿತ್ತು. ಆಮೇಲೆ ಕೊರಳ ಪಟ್ಟಿಗೆ. ಆಮೇಲೆ ಸಂಜೆಯ ಮಬ್ಬಿನಲ್ಲಿ ಕಲ್ಲು ಹಾರಿದವು, ಎರಡು ಟ್ರ್ಯಾಕ್ಟರ್ ಸುಟ್ಟವು, ಪೊಲೀಸರ ವ್ಯಾನು ಏರಿಯ ಮೇಲೆ ಒಂದು ತಿಂಗಳು ಠಿಕಾಣಿ ಹೂಡಿತು. ದೇವರ ಹಾಡಿನ ಮೊದಲ ಸಾಲಿಗಾಗಿ ಇಷ್ಟೆಲ್ಲ ಆಯಿತು.

ನನ್ನ ಹೆಸರು ಶೋಭಾರಾಣಿ. ಹುಟ್ಟಿದ್ದು ಕೋಡಿಗುಂಟೆ, ಕೊಟ್ಟದ್ದು ತೂಬುಹಳ್ಳಿಗೆ. ನನ್ನ ಅಪ್ಪ ಲಕ್ಷ್ಮಯ್ಯ ಕೋಡಿಗುಂಟೆಯ ಭಜನೆಗೆ ನಲವತ್ತು ವರ್ಷದಿಂದ ಮುಂದಾಳು. ನನ್ನ ಗಂಡ ತಿರುಮಲೇಶ್ ತೂಬುಹಳ್ಳಿಯ ಮುಂದಾಳು. ಅವತ್ತು ಒಂದು ಕಲ್ಲು ಬಂದು ಅಪ್ಪನ ಎಡಹುಬ್ಬಿನ ಮೇಲೆ ಬಿತ್ತು, ನಾಲ್ಕು ಹೊಲಿಗೆ. ಆ ಕಲ್ಲು ಬಂದದ್ದು ಅಳಿಯ ನಿಂತಿದ್ದ ದಿಕ್ಕಿನಿಂದ ಎಂದು ಅಪ್ಪ. ಇವರದು, ಅಂದರೆ ನನ್ನ ಗಂಡನದು, ಒಂದೇ ಮಾತು: ನನ್ನ ಎರಡೂ ಕೈ ಮೃದಂಗದ ಮೇಲಿತ್ತು, ಮೂರನೇ ಕೈಯಿಂದ ಎಸೆದೆನಾ? ಅಂದಿನಿಂದ ಮಾವ ಅಳಿಯನಿಗೆ ಮಾತಿಲ್ಲ. ಅಪ್ಪ ನಾಮವನ್ನು ಸ್ವಲ್ಪ ಅಗಲವಾಗಿಯೇ ಇಟ್ಟುಕೊಂಡು ಓಡಾಡತೊಡಗಿದರು, ಆದರೂ ಗಾಯದ ಗೆರೆ ನಾಮದಿಂದಾಚೆ ಇಣುಕುತ್ತಿತ್ತು.

ನಾನು ತವರಿಗೆ ಹೋಗಿಬರುತ್ತಿದ್ದೆ, ಏರಿ ದಾಟಿದರೆ ಅಷ್ಟೇ. ಆದರೆ ಅಪ್ಪ ನನ್ನ ಮನೆಯ ಕಡೆ ತಿರುಗಿ ನೋಡಲಿಲ್ಲ. ಈ ವರ್ಷ ನಾವು ತೂಬುಹಳ್ಳಿಯಲ್ಲಿ ಹೊಸ ಮನೆ ಕಟ್ಟಿಸಿದೆವು. ಮುಂದಿನ ಗುರುವಾರ ಗೃಹಪ್ರವೇಶ. ಪತ್ರಿಕೆ ಅಚ್ಚಾಗಿ ಬಂದು ಊರಿಗೆಲ್ಲ ಹಂಚಿದ್ದೂ ಆಯಿತು, ಅಪ್ಪನದೊಂದು ಉಳಿದಿತ್ತು.

"ಕರೆಯೋ ಗಂಡಸು ಬಂದು ಕರೀಲಮ್ಮ, ಬರ್ತೀನಿ," ಎಂದರು ಅಪ್ಪ.

"ಮೊದ್ಲು ಅವ್ರೊಂದು ಮಾತಾಡ್ಲಿ, ಆಮೇಲೆ ಕರೀತೀನಿ," ಎಂದರು ಇವರು.

ಇಲ್ಲಿಯೂ ಅದೇ ರಾಗ, ಮೊದಲು ಯಾರು. ನನಗೆ ರೇಗಿಹೋಯಿತು. ಅಪ್ಪ ಹೊಸ್ತಿಲು ದಾಟದ ಮನೆಯಲ್ಲಿ ನಾನು ಹಾಲು ಉಕ್ಕಿಸುವುದಿಲ್ಲ, ಬೇಕಾದರೆ ನಿಮ್ಮಕ್ಕನ ಕೈಲಿ ಉಕ್ಕಿಸಿಕೊಳ್ಳಿ ಎಂದು ಇವರಿಗೆ ಹೇಳಿಬಿಟ್ಟೆ. ಇವರು ತಮಾಷೆ ಎಂದುಕೊಂಡರು. ನಾನು ತಮಾಷೆಗೆ ಹೇಳಿರಲಿಲ್ಲ.

ಅರ್ಜಿ ತುಂಬಿದವರು ಅನಂತರಾಮಯ್ಯ ಮೇಷ್ಟ್ರು. ಎರಡೂ ಊರಿನ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾಗಿ ಚಿಂತಾಮಣಿಯಲ್ಲಿದ್ದಾರೆ. ಯಾರನ್ನೂ ಕೇಳದೆ ಅರ್ಜಿ ಕಳಿಸಿ, ಆಮೇಲೆ ಒಬ್ಬೊಬ್ಬರ ಮನೆಗೂ ಹೋಗಿ ಕಾಫಿ ಕುಡಿದು, ಹತ್ತು ಜನರನ್ನು ಒಪ್ಪಿಸಿದರು. ಮೇಷ್ಟ್ರ ಮಾತು ಮೀರುವುದು ಹೇಗೆ, ಎಲ್ಲರೂ ಅವರ ಕೈಲಿ ಕಿವಿ ಹಿಂಡಿಸಿಕೊಂಡವರೇ. ಪೆಟ್ಟಿಗೆ, ಅಂದರೆ ಹಾರ್ಮೋನಿಯಂ, ಬಾರಿಸುವವಳು ನಾನು ಎಂದಾಗ ಮಾತ್ರ ತಕರಾರು ಬಂತು. ನಾನು ಯಾವ ಐದರಲ್ಲಿ? ತೂಬುಹಳ್ಳಿಯ ಲೆಕ್ಕಕ್ಕೆ ಹಾಕಿದರೆ ಕೋಡಿಗುಂಟೆಗೆ ಸಿಟ್ಟು, ಕೋಡಿಗುಂಟೆಯ ಲೆಕ್ಕಕ್ಕೆ ಹಾಕಿದರೆ ತೂಬುಹಳ್ಳಿಗೆ. ಕೊನೆಗೆ ನನ್ನನ್ನು ಯಾವ ಊರಿಗೂ ಸೇರಿಸದೆ ಪೆಟ್ಟಿಗೆಯ ಜೊತೆಗೆ ಬರೆದುಕೊಂಡರು.

ಹಾಡು ಕಟ್ಟಿದವರೂ ಮೇಷ್ಟ್ರೇ. ಮೂರು ಪ್ರಶ್ನೆ, ಮೂರು ಉತ್ತರ. ಒಂದು ಊರಿನವರು ಇನ್ನೊಂದು ಊರಿಗೆ ಅಭ್ಯಾಸಕ್ಕೆ ಬರುವುದಿಲ್ಲ ಎಂದು ಹಟ ಹಿಡಿದಿದ್ದರಿಂದ ತಾವೇ ಹಾಡಿ ವಾಟ್ಸಾಪಿನಲ್ಲಿ ಎರಡು ಗುಂಪಿಗೂ ಕಳಿಸಿದರು. ಎರಡು ತಿಂಗಳು ಏರಿಯ ಆಚೆ ಈಚೆ ಅಭ್ಯಾಸ ನಡೆಯಿತು. ನಾನು ಒಂದು ದಿನ ಇಲ್ಲಿ ಒಂದು ದಿನ ಅಲ್ಲಿ ಪೆಟ್ಟಿಗೆ ಹೊತ್ತು ತಿರುಗಿದೆ. ಮುಖ್ಯವಾದ ಒಂದು ಸಂಗತಿ ನನ್ನ ತಲೆಗೂ ಹೊಳೆಯಲಿಲ್ಲ, ಅದನ್ನು ಮುಂದೆ ಹೇಳುತ್ತೇನೆ.

ಹೊರಟ ದಿನ ಬೆಳಿಗ್ಗೆ ಆರಕ್ಕೆ ಟೆಂಪೋ ಬಂತು. ಡ್ರೈವರ್ ಮೋಹನ್‌ಬಾಬು ಚಿಂತಾಮಣಿಯವನು, ಆದ್ದರಿಂದ ಇಬ್ಬರಿಗೂ ಒಪ್ಪಿಗೆ. ಎಡಗಡೆ ಸೀಟುಗಳಲ್ಲಿ ಕೋಡಿಗುಂಟೆ, ಬಲಗಡೆ ತೂಬುಹಳ್ಳಿ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಮೋಹನ್‌ಬಾಬು ಪಕ್ಕದಲ್ಲಿ, ಮೇಷ್ಟ್ರು ಬಾಗಿಲ ಹತ್ತಿರ. ನನ್ನ ಚೀಲದಲ್ಲಿ ಅಪ್ಪನ ಪತ್ರಿಕೆ, ಕುಂಕುಮದ ಭರಣಿ. ದಾರಿಯಲ್ಲಿ ಎಲ್ಲಾದರೂ ಇಬ್ಬರಲ್ಲಿ ಒಬ್ಬರು ಬಾಯಿ ಬಿಟ್ಟರೆ ಸಾಕು, ತಕ್ಷಣ ತೆಗೆಯುವುದೆಂದು ಕಾಯುತ್ತಿದ್ದೆ. ರಸ್ತೆಯ ತಿರುವಿನಲ್ಲಿ ಒಂದೂರಿನವರೆಲ್ಲ ಇನ್ನೊಂದೂರಿನವರ ಕಡೆಗೆ ವಾಲುತ್ತಿದ್ದರು, ಗಾಡಿ ನೇರವಾದ ಕೂಡಲೇ ಎಲ್ಲರೂ ಪಂಚೆ ಸರಿಮಾಡಿಕೊಂಡು ಕಿಟಕಿಯಾಚೆ ನೋಡುತ್ತಿದ್ದರು.

ಸೀಟುಗಳ ನಡುವಿನ ಜಾಗದ ತುಂಬ ರೇಷ್ಮೆಗೂಡಿನ ಚೀಲಗಳು. ಕೋಡಿಗುಂಟೆಯ ಮುನಿನಾರಾಯಣಪ್ಪನವರ ಹುಳ ಒಂದು ದಿನ ಮೊದಲೇ ಹಣ್ಣಾಗಿ ಗೂಡು ಕಟ್ಟಿಬಿಟ್ಟಿದ್ದವು. ಗೂಡು ಬಿಡಿಸಿದ ಮೇಲೆ ಮಾರುಕಟ್ಟೆಗೆ ಹೋಗಲೇಬೇಕು, ಸೌಹಾರ್ದ ಮುಗಿಯಲಿ ಎಂದು ಹುಳ ಒಳಗೆ ಕಾಯುತ್ತ ಕೂರುವುದಿಲ್ಲ. ಹಾಗಾಗಿ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಮುಂದೆ ಟೆಂಪೋ ನಿಂತಿತು.

ಚೀಲ ಇಳಿಸಲು ಕೋಡಿಗುಂಟೆಯವರು ಎದ್ದರು. ತೂಬುಹಳ್ಳಿಯವರು ಸುಮ್ಮನೆ ಕೂತರು. ಆದರೆ ಒಂದು ಚೀಲದ ಬಾಯಿ ಬಿಚ್ಚಿ ನಾಲ್ಕು ಗೂಡು ಉರುಳಿದವು ನೋಡಿ, ನನ್ನ ಯಜಮಾನರ ಕೈ ತಾನಾಗಿ ಒಂದನ್ನು ಎತ್ತಿಕೊಂಡಿತು. ಎರಡೂ ಊರಿನ ಮನೆಮನೆಯಲ್ಲೂ ಹುಳ ಸಾಕುತ್ತಾರೆ, ಗೂಡು ಕಂಡ ಕೈ ಸುಮ್ಮನಿರುವುದಿಲ್ಲ. ಇವರು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು.

"ಗೂಡು ಗಟ್ಟಿಯಾಗೈತೆ," ಎಂದರು.

"ಈ ಸಲ ಸೊಪ್ಪು ಚೆನ್ನಾಗಿತ್ತು ಕಣಯ್ಯ," ಎಂದರು ಮುನಿನಾರಾಯಣಪ್ಪ.

ಐದು ನಿಮಿಷ ಹತ್ತೂ ಜನ ಸೊಪ್ಪು, ಹುಳದ ಜ್ವರ, ಗೂಡು ಕಟ್ಟಿಸುವ ಚಂದ್ರಿಕೆ ಎಂದು ಮಾತಾಡುತ್ತಾ ಒಂದೊಂದು ಚೀಲ ಹೊತ್ತುಕೊಂಡು ಹೋದರು. ನನ್ನ ಕೈ ಚೀಲದೊಳಗಿನ ಪತ್ರಿಕೆಯವರೆಗೂ ಹೋಗಿತ್ತು. ಅಷ್ಟರಲ್ಲಿ ಅವರಿಗೆಲ್ಲ ತಾವು ಮಾತುಬಿಟ್ಟವರು ಎಂಬುದು ನೆನಪಾಯಿತು. ಹಿಂತಿರುಗಿ ಬಂದು ಎಡಕ್ಕೆ ಐದು, ಬಲಕ್ಕೆ ಐದು ಕೂತುಕೊಂಡರು.

ಶಿಡ್ಲಘಟ್ಟ ದಾಟಿದ ಮೇಲೆ ಮೇಷ್ಟ್ರು ಕೈತಟ್ಟಿದರು. "ಎಲ್ರೂ ಸೇರಿ ಒಂದ್ಸಲ ಹಾಡಣ. ಎಲ್ಲಿ, ಪೆಟ್ಟಿಗೆ ಹಿಡಿಯಮ್ಮ."

ನಾನು ಶ್ರುತಿ ಹಿಡಿದೆ. ಹತ್ತು ಕೊರಳು ಒಟ್ಟಿಗೆ ಎತ್ತಿದವು:

ಏರಿ ಮೇಲೆ ನಿಂತು ಕೂಗಿದೋರು ಯಾರಮ್ಮ

ಏನು ಗತ್ತು, ಏನು ಕಂಠ! ಮೋಹನ್‌ಬಾಬು ಗಾಡಿ ನಿಧಾನ ಮಾಡಿದ. ಅಲ್ಲಿಗೆ ಹಾಡು ನಿಂತಿತು. ಎಡಗಡೆಯವರು ಬಲಕ್ಕೆ ನೋಡಿದರು, ಬಲಗಡೆಯವರು ಎಡಕ್ಕೆ ನೋಡಿದರು.

"ಯಾಕೆ ನಿಂತ್ರಿ?" ಎಂದರು ಮೇಷ್ಟ್ರು.

"ಅವ್ರು ಓಗೊಡ್ಲಿ ಅಂತ," ಎಂದರು ಅಪ್ಪ, ಅವರು ಯಾರೆಂದು ಹೆಸರೆತ್ತದೆ.

"ನಾವ್ಯಾಕೆ ಓಗೊಡಣ? ನಾವು ಎತ್ತೋರು," ಎಂದರು ಇವರು ಮೇಷ್ಟ್ರಿಗೆ.

ಎರಡು ತಿಂಗಳು ಎರಡೂ ಊರಿನವರು ಬರೀ ಪ್ರಶ್ನೆಯನ್ನೇ ಅಭ್ಯಾಸ ಮಾಡಿದ್ದರು. ಉತ್ತರ ಹೇಗೂ ಆಚೆ ಊರಿನ ಕೆಲಸವಲ್ಲವೇ. ಎರಡು ಕಡೆಯೂ ಪೆಟ್ಟಿಗೆ ಬಾರಿಸಿದ ನಾನು, ಉತ್ತರದ ಜಾಗ ಬಂದಾಗ ಸುಮ್ಮನೆ ಸ್ವರ ನುಡಿಸಿ, ಅದು ಇನ್ನೊಬ್ಬರದು ಎಂದುಕೊಂಡು ಮುಂದೆ ಹೋಗಿದ್ದೆ. ನನ್ನಂಥ ಬುದ್ಧಿವಂತೆ ಇನ್ನೊಬ್ಬಳಿಲ್ಲ.

"ಯಾರು ಎತ್ತಬೇಕು ಅಂತ ನೀವ್ಯಾಕೆ ಹೇಳ್ಲಿಲ್ಲ ಮೇಷ್ಟ್ರೇ?" ಎಂದೆ.

"ಹೇಳಿದ್ರೆ ಒಂದೂರಿನೋರು ಬರ್ತಾನೇ ಇರ್ಲಿಲ್ಲವಲ್ಲಮ್ಮ," ಎಂದು ಅವರು ಕನ್ನಡಕ ಒರೆಸಿಕೊಂಡರು.

ಅಲ್ಲಿಂದ ಚಿಕ್ಕಬಳ್ಳಾಪುರದವರೆಗೆ ನಡೆದದ್ದನ್ನು ಸೌಹಾರ್ದ ಎನ್ನಲಾಗದು. ಕೊರೋನಾ ವರ್ಷದ ಸರದಿ ಟೆಂಪೋದೊಳಗೆ ಮತ್ತೆ ಎದ್ದು ಕೂತಿತು. ಎಡಗಡೆ ನಂದಿ ಬೆಟ್ಟ ಕಂಡಿತು, ಯಾರೂ ನೋಡಲಿಲ್ಲ. "ಇದೇಂ ಖರ್ಮರಾ ದೇವುಡಾ," ಎಂದು ಅಪ್ಪ ತೆಲುಗಿಗೆ ಇಳಿದರು, ಅಪ್ಪ ತೆಲುಗಿಗೆ ಇಳಿದರೆಂದರೆ ಸಿಟ್ಟು ನೆತ್ತಿಗೇರಿತೆಂದು ಅರ್ಥ. ಚಿಕ್ಕಬಳ್ಳಾಪುರದ ಹೂವಿನ ಲಾರಿಗಳ ನಡುವೆ ಸಿಕ್ಕಿಕೊಂಡಾಗ ಮೋಹನ್‌ಬಾಬು ಗಾಡಿ ಆಫ್ ಮಾಡಿ ಹಿಂದೆ ತಿರುಗಿದ.

"ಅಣ್ಣ, ಯಾರೂ ಓಗೊಡ್ಬೇಡಿ. ಅಕ್ಕನ ಪೆಟ್ಟಿಗೇನೇ ಓಗೊಡ್ಲಿ ಬಿಡಿ," ಎಂದ.

ಅವನು ಕೀಟಲೆಗೆ ಹೇಳಿದ್ದು. ಇವರೆಲ್ಲ ಅದನ್ನೇ ತೀರ್ಪು ಎಂದು ಹಿಡಿದುಕೊಂಡರು. ಹತ್ತೂ ಜನ ಪ್ರಶ್ನೆ ಕೇಳುವುದು, ಉತ್ತರದ ಜಾಗದಲ್ಲಿ ಬರೀ ಪೆಟ್ಟಿಗೆ. ಯಾರೂ ಹಿಂದಲ್ಲ, ಎಲ್ಲರೂ ಮುಂದೆ. ಅಷ್ಟಕ್ಕೇ ಎಲ್ಲರೂ ನಿರಾಳವಾಗಿ ಮಂಚೇನಹಳ್ಳಿಯಲ್ಲಿ ಇಡ್ಲಿ ತಿಂದರು. ಎರಡು ಟೇಬಲ್ಲಿನಲ್ಲಿ. ನಾನು ಕಾಫಿ ಮಾತ್ರ ಕುಡಿದೆ. ಹಾಡಿನಲ್ಲಿ ಕೂಡ ಒಬ್ಬರಿಗೊಬ್ಬರು ಓಗೊಡಲಾರದವರು ಗುರುವಾರ ನನ್ನ ಬಾಗಿಲಿಗೆ ಹೇಗೆ ಬಂದಾರು ಎಂದು ಸಂಕಟವಾಯಿತು.

ಗೌರಿಬಿದನೂರಿನ ಕಲ್ಯಾಣ ಮಂಟಪದಲ್ಲಿ ಆಗಲೇ ಏಳೆಂಟು ತಂಡಗಳು ಸೇರಿದ್ದವು. ನಾನು ಕಂಡಂತೆ ಅಲ್ಲಿ ಯಾರೂ ಹಾಡಿನ ಮಾತಾಡುತ್ತಿರಲಿಲ್ಲ.

"ನಮ್ದು ಏಳು ಜನಕ್ಕೆ ಏಟು," ಎಂದ ಒಬ್ಬ, ಕೈಯ ಗಾಯದ ಗುರುತು ತೋರಿಸುತ್ತಾ.

"ಏಳೇನಾ?" ಎಂದರು ನಮ್ಮವರು ಹೆಮ್ಮೆಯಿಂದ. "ನಮ್ದು ಹನ್ನೊಂದು. ಎರಡು ಟ್ರ್ಯಾಕ್ಟ್ರು. ಪೊಲೀಸ್ ವ್ಯಾನು ಒಂದು ತಿಂಗ್ಳು!"

ಹೇಳಿದವರು ನನ್ನ ಯಜಮಾನರು. ಹೇಳಿ, ಸಾಕ್ಷಿಗೆ ಅಪ್ಪನ ಹುಬ್ಬಿನ ಕಡೆ ಬೆರಳು ಮಾಡಿದರು. ಅಪ್ಪ ನಾಮವನ್ನು ತುಸು ಒರೆಸಿಕೊಂಡು ಹಣೆ ಮುಂದೆ ಮಾಡಿದರು. ನಮ್ದು ಎಂಬ ಮಾತಿನಲ್ಲಿ ಎರಡೂ ಊರು ಸೇರಿದ್ದನ್ನು ಅವರಿಬ್ಬರೂ ಗಮನಿಸಲಿಲ್ಲ. ನಾನು ಗಮನಿಸಿದೆ.

ನಮ್ಮ ಸರದಿ ಬಂದಾಗ ಮಧ್ಯಾಹ್ನ. ಮುಂದಿನ ಸಾಲುಗಳಲ್ಲಿ ಕುಡುಮಲಕುಂಟೆಯ ಕಾರ್ಖಾನೆಗಳಿಂದ ಶಿಫ್ಟು ಮುಗಿಸಿ ನೇರ ಬಂದಿದ್ದ ಕಾರ್ಮಿಕರು, ಯೂನಿಫಾರ್ಮಿನಲ್ಲೇ. ವೇದಿಕೆಯ ಮೇಲೆ ಎಡಕ್ಕೆ ಐದು, ಬಲಕ್ಕೆ ಐದು, ನಡುವೆ ನಾನು ಮತ್ತು ಪೆಟ್ಟಿಗೆ. ಮೇಷ್ಟ್ರು ಕೆಳಗೆ ಕೈಮುಗಿದುಕೊಂಡು ಕೂತಿದ್ದರು.

ಏರಿ ಮೇಲೆ ನಿಂತು ಕೂಗಿದೋರು ಯಾರಮ್ಮ

ಹತ್ತೂ ಜನ ಎತ್ತಿದರು. ಈಗ ಪೆಟ್ಟಿಗೆ ಓಗೊಡಬೇಕು. ನನ್ನ ಬೆರಳು ಸ್ವರದ ಮೇಲೇ ಇತ್ತು. ನನಗೆ ಏನಾಯಿತೋ ಹೇಳಲಾರೆ. ಇವರೆಲ್ಲರ ಮೇಲೆ ಮೂರು ವರ್ಷದ ಸಿಟ್ಟು ಒಮ್ಮೆಗೇ ಬಂತು. ಮರದ ಪೆಟ್ಟಿಗೆಯ ಕೈಲಿ ಮಾತಾಡಿಸುತ್ತೀರಾ, ನೀವೇ ಮಾತಾಡಿ ಎಂದುಕೊಂಡು ಎರಡೂ ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಂಡೆ.

ಇವರು ನನ್ನ ಕಡೆ ಕಣ್ಣು ಬಿಟ್ಟರು. ನಾನು ಪೆಟ್ಟಿಗೆಯನ್ನೇ ನೋಡುತ್ತಾ ಕೂತೆ. ಒಂದು ತಾಳ ಕಳೆಯಿತು, ಎರಡು ಕಳೆಯಿತು. ಎತ್ತಿದ ಸಾಲನ್ನು ಹಾಗೆ ನಡುದಾರಿಯಲ್ಲಿ ಬಿಡುವುದು ಹಾಡುವವರಿಗೆ ಎಷ್ಟು ಕಷ್ಟವೆಂದು ನನಗೆ ಗೊತ್ತು, ನನಗೆ ಕಲಿಸಿದವರು ಅಪ್ಪನೇ. ಮೂರನೆಯ ತಾಳಕ್ಕೆ ಎಡಗಡೆಯಿಂದ ಒಂದು ಕೊರಳು ಒಂಟಿಯಾಗಿ ಬಂತು:

ಏರಿ ಕೆಳಗೆ ನಿಂತು ಓಗೊಟ್ಟೋರು ನಾವಮ್ಮ

ನಲವತ್ತು ವರ್ಷದಲ್ಲಿ ನನ್ನ ಅಪ್ಪ ತಮ್ಮ ಸರದಿ ಬಿಟ್ಟುಕೊಟ್ಟು ಓಗೊಟ್ಟದ್ದು ಅದೇ ಮೊದಲು. ನನ್ನ ಕಣ್ಣು ಮಂಜಾಯಿತು, ಕೈ ಮತ್ತೆ ಪೆಟ್ಟಿಗೆಗೆ ಹೋಯಿತು.

ಎರಡನೆಯ ಸಾಲನ್ನು ಕೋಡಿಗುಂಟೆಯವರೇ ಎತ್ತಿದರು: ತುಂಬಿದ ಕೆರೆಗೆ ಬಾಗಿನ ತಂದೋರು ಯಾರಮ್ಮ. ತೂಬುಹಳ್ಳಿಯವರು ಅದನ್ನು ಎತ್ತಲೇ ಇಲ್ಲ. ಮಾವನಿಗಿಂತ ತಾವೇನು ಕಡಿಮೆ ಎಂದು ಇವರು ಓಗೊಡಲು ಕಾದಿದ್ದರು. ಸಾಲು ಮುಗಿಯುವುದರೊಳಗೆ ಆತುರದಲ್ಲಿ ಉಸಿರು ಬಿಟ್ಟು ಉತ್ತರ ಹಿಡಿದುಕೊಂಡರು: ಬಾಗಿನದ ಬಳೆಯ ತೊಟ್ಟು ನಿಂತೋರು ನಾವಮ್ಮ. ಹಿಂದೆ ನಾಲ್ವರೂ ಕೂಡಿಕೊಂಡರು. ಕಾರ್ಖಾನೆಯ ಹುಡುಗರು ಚಪ್ಪಾಳೆ ಹಿಡಿದರು.

ಮೂರನೆಯ ಸಾಲಿಗೆ ಬಂದೆವು. ಈಗ ಎಲ್ಲರೂ ಓಗೊಡಲು ತಯಾರು, ಎತ್ತುವವರೇ ಇಲ್ಲ. ಎಡಗಡೆಯವರು ಬಲಕ್ಕೆ ದಯಮಾಡಿ ಎಂದು ಕೈ ತೋರಿಸಿದರು, ಬಲಗಡೆಯವರು ಎಡಕ್ಕೆ. ಜನ ನಗತೊಡಗಿದರು. ಆದರೆ ಅವರು ಹಿಂಜರಿದದ್ದು ಬರೀ ಮರ್ಯಾದೆಗಲ್ಲ ಎಂದು ನನಗೆ ಗೊತ್ತಿತ್ತು. ಆ ಸಾಲೇ ಹಾಗಿತ್ತು. ಮೇಷ್ಟ್ರು ಬೇಕೆಂದೇ ಬರೆದಿದ್ದರು. ಅದನ್ನು ಒಂದೂರಿನವರು ಇನ್ನೊಂದೂರಿನವರ ಮುಖ ನೋಡಿ ಕೇಳುವುದು ಸುಲಭವಲ್ಲ.

ಹಾಗಾಗಿ ನಾನೇ ಎತ್ತಿದೆ. ಯಾವ ಊರಿನ ಐದರಲ್ಲೂ ಇಲ್ಲದವಳು, ಏರಿಯ ಮೇಲೆ ಒಂದು ದಿನವೂ ಮೈಕು ಹಿಡಿಯದವಳು, ಒಂಟಿ ದನಿಯಲ್ಲಿ ಕೇಳಿದೆ:

ಹಾದಿಯ ಕಲ್ಲನ್ನು ಎತ್ತಿದೋರು ಯಾರಮ್ಮ

ಅಪ್ಪ ಇವರ ಮುಖ ನೋಡಿದರು. ಇವರು ಅಪ್ಪನ ಹುಬ್ಬು ನೋಡಿದರು. ಆಮೇಲೆ ಎಡಗಡೆ ಐದು, ಬಲಗಡೆ ಐದು, ಒಬ್ಬರೂ ಹಿಂದುಳಿಯದೆ, ಹತ್ತೂ ಜನ ಕೂಡಿ ಓಗೊಟ್ಟರು:

ಎತ್ತಿದ ಕಲ್ಲಲಿ ಒಲೆ ಹೂಡಿದೋರು ನಾವಮ್ಮ

ನಾವಮ್ಮ ಎನ್ನುವಾಗ ಮುನಿನಾರಾಯಣಪ್ಪನವರು ಗಟ್ಟಿಯಾಗಿ ಅತ್ತುಬಿಟ್ಟರು. ಕಾರಣ ಅವರನ್ನು ಯಾರೂ ಕೇಳಲಿಲ್ಲ. ಅವತ್ತು ಮಬ್ಬಿನಲ್ಲಿ ಯಾರ ಕೈಯಲ್ಲಿ ಕಲ್ಲಿತ್ತು ಎಂದು ಅಂದಿನಿಂದ ಯಾರೂ ಯಾರನ್ನೂ ಕೇಳಿಲ್ಲ.

ನಮಗೆ ಬಂದದ್ದು ಸಮಾಧಾನಕರ ಬಹುಮಾನ, ಒಂದು ಗೋಡೆ ಗಡಿಯಾರ. ಮಧ್ಯೆ ಮಧ್ಯೆ ನಿಂತು ನಿಂತು ಹಾಡಿದ್ದು ಹೊಸ ಪ್ರಯೋಗವಾಗಿತ್ತು, ಆದರೆ ಇನ್ನಷ್ಟು ಅಭ್ಯಾಸ ಬೇಕು ಎಂದು ತೀರ್ಪುಗಾರರು ಹೇಳಿದರು. ಎರಡು ಊರಿಗೆ ಒಂದೇ ಗಡಿಯಾರ ಕೊಡುವ ಸಂಘಕ್ಕೆ ಸೌಹಾರ್ದದ ವಿಷಯ ಎಷ್ಟು ಗೊತ್ತಿದೆಯೋ ದೇವರೇ ಬಲ್ಲ. ಮಂಟಪದ ಮೆಟ್ಟಿಲು ಇಳಿಯುವುದರೊಳಗೆ ಶುರುವಾಯಿತು.

"ನಮ್ಮ ಭಜನೆ ಮನೆಗೆ ಹಾಕಣ," ಎಂದರು ಕೋಡಿಗುಂಟೆಯವರು.

"ನಮ್ಮ ಭಜನೆ ಮನೇಲಿ ಗೋಡೆ ಇಲ್ವಾ?" ಎಂದರು ತೂಬುಹಳ್ಳಿಯವರು.

ಗಡಿಯಾರಕ್ಕೆ ಎರಡು ಕಡೆಯಿಂದಲೂ ಕೈ ಬಿತ್ತು. ಇನ್ನೊಂದು ಅರ್ಜಿ ತುಂಬುವ ಯೋಗ ಬಂತೆಂದು ನಾನು ಟೆಂಪೋದ ಬಾಗಿಲಿಗೆ ಒರಗಿದೆ. ಅಷ್ಟರಲ್ಲಿ ಅಪ್ಪ ನಡುವೆ ಬಂದು ಗಡಿಯಾರ ಕಿತ್ತುಕೊಂಡು ಕಂಕುಳಲ್ಲಿ ಇಟ್ಟುಕೊಂಡರು. ಇಟ್ಟುಕೊಂಡು ಇವರ ಕಡೆ ತಿರುಗಿದರು.

"ಎರಡ್ನೇ ಸಾಲಲ್ಲಿ ಉಸಿರು ಬೇಗ ಬಿಟ್ಟುಬಿಟ್ಟೆ ಕಣಯ್ಯ," ಎಂದರು.

ಮೂರು ವರ್ಷದ ಮೇಲೆ ಅಳಿಯನಿಗೆ ಆಡಿದ ಮೊದಲ ಮಾತು, ಅದೂ ತಪ್ಪು ಹಿಡಿಯುವ ಮಾತು.

"ಹೂಂ ಮಾವ," ಎಂದರು ಇವರು.

"ಹೂಂ ಅಂದ್ರೆ ಆಗಲ್ಲ. ಗುರುವಾರದೊಳ್ಗೆ ಸರಿಮಾಡ್ಕೊ. ಹೊಸ ಮನೇಲಿ ಜನದ ಮುಂದೆ ಹಾಡಿ ಮಾನ ಕಳೀಬೇಡ." ಅಪ್ಪ ಕಂಕುಳಿನ ಗಡಿಯಾರ ಸರಿಮಾಡಿಕೊಂಡರು. "ಇದನ್ನ ನಮ್ಮ ಶೋಭನ ಹೊಸ ಮನೆ ಗೋಡೆಗೆ ಹಾಕಣ. ಅವ್ಳು ಎರಡೂರಿಗೂ ಸೇರಿದೋಳು. ಮೊಳೆ ನಾನೇ ಬಂದು ಹೊಡೀತೀನಿ."

ನನಗೆ ಅಳು ಬಂತು. ಬಂದದ್ದನ್ನು ತಡೆಯಲಿಲ್ಲ. ಚೀಲದಲ್ಲಿ ಪತ್ರಿಕೆ ಹಾಗೇ ಇತ್ತು, ಕುಂಕುಮದ ಭರಣಿಯ ಮುಚ್ಚಳ ಸಡಿಲವಾಗಿ ಪತ್ರಿಕೆಯೆಲ್ಲ ಕೆಂಪಾಗಿತ್ತು. ಮೊದಲು ಯಾರು ಕರೆದರು, ಯಾರು ಬರುತ್ತೇನೆಂದರು ಎಂದು ನೋಡುವ ವ್ಯವಧಾನ ಅಲ್ಲಿ ಯಾರಿಗೂ ಇರಲಿಲ್ಲ. ಮೋಹನ್‌ಬಾಬು ಹಾರ್ನ್ ಹೊಡೆಯುತ್ತಿದ್ದ. ಸಿಕ್ಕಸಿಕ್ಕ ಸೀಟಿನಲ್ಲಿ ಎಲ್ಲರೂ ಕೂತರು.

"ಸುತ್ತಿಗೆ ತೆಗೆದಿಟ್ಟಿರ್ತೀನಿ ಮಾವ," ಎಂದು ಇವರು ಹಿಂದಿನ ಸೀಟಿನಿಂದ ಓಗೊಟ್ಟರು.